ಸೀಮೆಸುಣ್ಣದ ರುಜು

ಬಾರ್ನ್ಸ್ಲಿ ಆಸ್ಪತ್ರೆ, ಮೂರನೇ ಮಹಡಿ, ಒಂಬತ್ತನೇ ಹಾಸಿಗೆ.
ಕ್ಲಿಫರ್ಡ್ ಡ್ರಾನ್ಸ್‌ಫೀಲ್ಡ್, ಎಪ್ಪತ್ತೆಂಟು.
ಹೊಟ್ಟೆ ಕೊಯ್ದು ಹೊಲಿದು ಐದು ದಿನ.
ಬಾಯಿಂದ ಇಳಿದ ಕೊಳವೆಗೆ ನಾನು
ಇನ್ನೊಂದು ಸಣ್ಣ ಕೊಳವೆ ಸಿಕ್ಕಿಸುತ್ತೇನೆ,
ಜಡೆಗೆ ಕುಚ್ಚು ಕಟ್ಟುವ ಹಾಗೆ.
ಅದರ ತುದಿಗೆ ನನ್ನ ಪೆಟ್ಟಿಗೆ,
ಟ್ರಂಕಿನಷ್ಟು ದೊಡ್ಡದು, ಇನ್ನೂ ಪರೀಕ್ಷೆಯಲ್ಲಿರುವುದು.
ಡಾಕ್ಟರುಗಳು ಅದನ್ನು ನೆಂಟರ ಮಗುವಿನಂತೆ
ಸಹಿಸುತ್ತಾರೆ, ಎತ್ತಿಕೊಳ್ಳುವುದಿಲ್ಲ.
ಗಂಟೆಗೆ ಮೂರು ಸಲ ಆತನ ಉಸಿರು ಒಂದು ಗುಟುಕು ಕುಡಿದು
ಅದು ಒಂದು ಅಂಕಿ ಹೇಳುತ್ತದೆ.

"ಊದಬೇಕಾ?" ಕೇಳಿದಳು ಮೇವಿಸ್ ಮೊದಲ ದಿನ.
"ಇವನು ಊದಿದ್ದು ಜೀವಮಾನದಲ್ಲಿ ಒಂದೇ ಸಲ,
ಎಪ್ಪತ್ತೊಂಬತ್ತರ ಕ್ರಿಸ್ಮಸ್ಸಿಗೆ, ವೂಂಬ್‌ವೆಲ್ಲಿನ ಪೊಲೀಸಿಗೆ.
ಒಂದು ವರ್ಷ ಲೈಸೆನ್ಸು ಹೋಯಿತು.
ಸಾಮಾನಿನ ಚೀಲ ನಾನೇ ಹೊತ್ತೆ."
ಇಲ್ಲ ತಾಯಿ, ಇಲ್ಲಿ ಊದಬೇಕಿಲ್ಲ.
ಯಂತ್ರವೇ ಊದುತ್ತದೆ, ಯಂತ್ರವೇ ಹಿಂದಕ್ಕೆ ಪಡೆಯುತ್ತದೆ,
ನಡುವೆ ಇರುವುದಷ್ಟೇ ಆತನ ಪಾಲು.

"ಮತ್ತೆ ಏನು ಓದುತ್ತೀಯ, ಲವ್?"
ಲವ್ ಅಂದರೆ ಈ ಊರಲ್ಲಿ ಅಮ್ಮಾ, ತಂಗೀ ಅಂದಷ್ಟೇ;
ಬಂದ ಹೊಸದರಲ್ಲಿ ಬಸ್ಸಿನ ಡ್ರೈವರ್ ಹಾಗಂದಾಗ
ಎರಡು ಸ್ಟಾಪು ಮೊದಲೇ ಇಳಿದಿದ್ದೆ.
ಇಂಗಾಲ, ಎಂದೆ.
ಅವಳು ನಕ್ಕಳು. "ಮೂವತ್ತೊಂದು ವರ್ಷ
ಅದನ್ನೇ ಒಗೆದಿದ್ದೇನೆ, ಇವನ ಅಂಗಿಯಿಂದ."

ಇಂಗಾಲದಲ್ಲೂ ಹಗುರದ್ದು ಒಂದು, ತುಸು ತೂಕದ್ದು ಇನ್ನೊಂದು.
ನೆಮ್ಮದಿಯ ಮೈ ಎರಡನ್ನೂ ಒಂದು ಹದದಲ್ಲಿ ಬಿಡುತ್ತದೆ.
ಸೋಂಕು ಹೊಕ್ಕಿತೋ,
ಅಟ್ಟದ ಸೌದೆ ಮುಗಿದ ಮನೆಯವರು
ಜಂತಿ ಕಿತ್ತು ಒಲೆಗೆ ಇಡುವಂತೆ
ತನ್ನ ಮಾಂಸವನ್ನೇ ಉರಿಸತೊಡಗುತ್ತದೆ;
ತೂಕದ್ದನ್ನು ಒಳಗೆ ಬಚ್ಚಿಟ್ಟು ಹಗುರದ್ದನ್ನು ಹೊರಗಟ್ಟುತ್ತದೆ.
ಜ್ವರಕ್ಕೆ ಇನ್ನೂ ಸುದ್ದಿ ಮುಟ್ಟಿರುವುದಿಲ್ಲ.
ಹೊಗೆ ಮಾತ್ರ ಬೇರೆ.

ಇಷ್ಟೆಲ್ಲ ಹೇಳಲಿಲ್ಲ.
ಹೊಗೆ ನೋಡಿ ಸೌದೆ ಹೇಳುವ ಕೆಲಸ, ಅಂದೆ.
ಅವಳು ಕುರ್ಚಿ ಎಳೆದುಕೊಂಡಳು.
"ಇವನೂ ಅದನ್ನೇ ಅಲ್ಲವಾ ಮಾಡಿದ್ದು, ಗಣಿಯಲ್ಲಿ ಡೆಪ್ಯುಟಿ.
ಪಾಳಿಯವರು ಬರುವ ಮೊದಲು ಒಬ್ಬನೇ ಹೋಗಿ
ದೀಪದ ಬತ್ತಿ ಸಣ್ಣ ಮಾಡಿ ಸೂರಿನ ಹತ್ತಿರ ಹಿಡಿಯುವುದು.
ಜ್ವಾಲೆಯ ನೆತ್ತಿಗೆ ನೀಲಿ ಟೋಪಿ ಬಂತೋ,
ಕೆಟ್ಟ ಗಾಳಿ. ಯಾರೂ ಬರಬೇಡಿ.
ಮೂಗಿಗೆ ಗೊತ್ತಾಗದ್ದು, ನೋಡು.
ನೋಡಿ ಆದಮೇಲೆ ಕಂಬದ ಮೇಲೆ ಸೀಮೆಸುಣ್ಣದಲ್ಲಿ
ಹೆಸರಿನ ಎರಡಕ್ಷರ, ತಾರೀಖು, ವೇಳೆ.
ತಪ್ಪಾದರೆ ಯಾರನ್ನು ಬಯ್ಯಬೇಕು ಅಂತ
ಗೊತ್ತಿರಲಿ, ಅನ್ನುತ್ತಿದ್ದ."

ಆರನೆಯ ರಾತ್ರಿ, ಮೂರು ಗಂಟೆ ನಲವತ್ತು ನಿಮಿಷ.
ಅಂಕಿ ಇಳಿಯಿತು.
ಉಗುರಿನ ಅಂಚಿನಷ್ಟು.
ಇನ್ನೊಂದು ಗುಟುಕು ಕುಡಿಸಿದೆ. ಮತ್ತೆ ಇಳಿಯಿತು.
ಮೈ ತಣ್ಣಗಿತ್ತು. ರಕ್ತದೊತ್ತಡ ಸಾಧು. ಪರದೆಯ ಹಸಿರು ಗೆರೆ
ದಿನದಂತೆಯೇ ಗುಡ್ಡ ಹತ್ತಿ ಇಳಿಯುತ್ತಿತ್ತು.
ರಿಜಿಸ್ಟ್ರಾರ್ ಒಲಾಡಿಪೊ ನಿದ್ದೆಗಣ್ಣಲ್ಲಿ ಬಂದ.
"ಜ್ವರವೇ ಇಲ್ಲವಲ್ಲ?"

ಏದುಸಿರು, ನಿಟ್ಟುಸಿರು, ಕೊನೆಗೊಂದು ಮೇಲುಸಿರು.
ಹಳಗನ್ನಡದಲ್ಲಿ ಉಸಿರಿದನು ಎಂದರೆ ಹೇಳಿದನು.
ಅದನ್ನು ಇವನಿಗೆ ಇಂಗ್ಲಿಷಿನಲ್ಲಿ ಹೇಗೆ ತಿಳಿಸಲಿ,
ಗಂಟಲಲ್ಲಿ ಕೊಳವೆಯಿರುವ ಮುದುಕ
ಈಗಾಗಲೇ ಎರಡು ಸಲ ಹೇಳಿದ್ದಾನೆ ಎಂದು?
ಅಂಕಿ ಇಳಿದಿದೆ, ಎಂದೆ.
ಅಲ್ಲೇ ನಿಂತುಕೊಂಡೆ.

ಅವನು ನನ್ನನ್ನೂ ಪೆಟ್ಟಿಗೆಯನ್ನೂ ನೋಡಿದ. ರಕ್ತ ತೆಗೆದ,
ಕತ್ತಿನ ನಾಳ ಬದಲಿಸಿದ, ಔಷಧ ಏರಿಸಿದ, ಗೊಣಗಿಕೊಂಡೇ.
ಜ್ವರ ಬಂದದ್ದು ಬೆಳಗ್ಗೆ ಒಂಬತ್ತಕ್ಕೆ,
ತಡವಾದ ಗುಮಾಸ್ತನಂತೆ, ಕೊಡೆ ಜಾಡಿಸುತ್ತ.

ಆಮೇಲಿನದು ನನಗೆ ಪೂರ್ತಿ ಗೊತ್ತಿಲ್ಲ.
ಮಂಗಳವಾರ ಕೊಳವೆ ತೆಗೆದರು. ಗುರುವಾರ ಕೆಳಗಿನ ವಾರ್ಡಿಗೆ ಕಳಿಸಿದರು.
ನಾನು ಹೋಗಿ ನೋಡಲಿಲ್ಲ;
ಒಂಬತ್ತನೇ ಹಾಸಿಗೆಗೆ ಬೈಕಿನಿಂದ ಬಿದ್ದವಳೊಬ್ಬಳು ಬಂದಿದ್ದಳು.

ಗಣಿ ಮುಚ್ಚಿ ಎಷ್ಟೋ ವರ್ಷ. ನೀರು ತುಂಬಿದೆಯಂತೆ.
ಆ ಕತ್ತಲಲ್ಲಿ, ಯಾರೂ ಓದದ ಕಂಬಗಳ ಮೇಲೆ
ಸಿ ಡಿ, ಸಿ ಡಿ, ಸಿ ಡಿ.
ನನ್ನ ಹಾಳೆಯ ಅಂಚಿನಲ್ಲಿ, ಇಳಿದ ಅಂಕಿಯ ಪಕ್ಕ,
೩.೪೦ ಎಂದು ಬರೆದು
ನಾನೂ ಎರಡಕ್ಷರ ಹಾಕಿದ್ದೆ, ಕನ್ನಡದಲ್ಲಿ.
ಬಯ್ಯುವವರು ಹುಡುಕಿಕೊಂಡು ಬರಲಿ.